ಹಲಗೆ ಮುಗಿಸಿದವಳು

ಅವಳಿಗೆ ಕತ್ತರಿ ಎಂಬ ಹೆಸರು ಬಿದ್ದದ್ದು ನಾಲಿಗೆಯ ಹರಿತದಿಂದಲ್ಲ. ಮಾತಿನಲ್ಲಿ ಅವಳು ಮೆದು. ಆದರೆ ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ಓದಲು ಕೂತರೆ, ಇದು ಬೇಡ, ಇದೂ ಬೇಡ, ಇದಿಲ್ಲದಿದ್ದರೂ ನಡೆಯುತ್ತದೆ ಎನ್ನುತ್ತ ಸಾಲಿಗೆ ಸಾಲನ್ನೇ ತೆಗೆದು ಹಾಕುತ್ತಿದ್ದಳು. ಕೊನೆಗೆ ಉಳಿದಷ್ಟು ಮೊದಲಿಗಿಂತ ಚುರುಕಾಗಿ ಓಡುತ್ತಿತ್ತು. ಹಾಗೆ ಒಮ್ಮೆ ಅರ್ಧಕ್ಕರ್ಧ ಕಳೆದುಕೊಂಡವರೊಬ್ಬರು ನಗುತ್ತ ಇಟ್ಟ ಹೆಸರು ಅದು. ಅದೇ ನಿಂತಿತು.

ಹಗಲಿನ ಹೊತ್ತು ಅವಳು ಲಿಫ್ಟ್ ದುರಸ್ತಿ ಮಾಡುವ ಕಂಪನಿಯೊಂದರಲ್ಲಿ ದೂರು ತೆಗೆದುಕೊಳ್ಳುವ ಮೇಜಿನ ಮುಂದೆ ಇರುತ್ತಿದ್ದಳು. ಎಲ್ಲೋ ಯಾವುದೋ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತು, ಒಳಗಿದ್ದವರು ಗಂಟೆಯ ಗುಂಡಿ ಒತ್ತಿದರೆ ಅವಳ ಕಿವಿಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಒಳಗೆ ಎಷ್ಟು ಜನ ಇದ್ದೀರಿ ಎಂದು ಮೊದಲು ಕೇಳಬೇಕು. ಬಾಗಿಲಿಗೆ ಒರಗಬೇಡಿ ಎನ್ನಬೇಕು. ಆಮೇಲೆ ಹತ್ತಿರದ ಮೆಕ್ಯಾನಿಕ್ಕನ್ನು ಕಳಿಸಿ, ಅವನು ಹೋಗಿ ಮುಟ್ಟುವವರೆಗೂ ಮಾತು ನಿಲ್ಲಿಸಬಾರದು. ಕೆಲವರು ಅಳುತ್ತಿದ್ದರು. ಹೆಚ್ಚಿನವರು ಬೈಯುತ್ತಿದ್ದರು. ಲಿಫ್ಟು ನಿಂತದ್ದು ತನ್ನಿಂದಲೇ ಎಂಬಂತೆ ಬೈಸಿಕೊಂಡೂ ದನಿ ಏರಿಸದೆ ಕೂರುವುದೇ ಅವಳ ಕಸುಬು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ. ದಿನವಿಡೀ ಕಿವಿಗೆ ಹಾಕಿಕೊಂಡ ಹೆಡ್‌ಸೆಟ್ಟಿನ ಪಟ್ಟಿ ನೆತ್ತಿಯನ್ನು ಒತ್ತಿ ಒತ್ತಿ ಅಲ್ಲಿ ಒಂದು ಸಣ್ಣ ಹಳ್ಳವೇ ಬಿದ್ದಿತ್ತು. ಬಾಚಣಿಗೆ ಅಲ್ಲಿಗೆ ಬಂದಾಗ ತಾನಾಗಿ ಇಳಿಯುತ್ತಿತ್ತು.

ಮನೆಯಲ್ಲಿ ಗಂಡ, ಅತ್ತೆ. ಗಂಡ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿಯ ಪುಡಿ ಉಳಿದಿರುತ್ತಿತ್ತು. ಅತ್ತೆ ಎಂಬತ್ತರ ಹತ್ತಿರದವರು, ಕಿವಿ ಮಂದ, ಬಾಯಿ ಚುರುಕು.

ಊಟವಾಗಿ ಪಾತ್ರೆ ತೊಳೆದ ಮೇಲೆ ಅಡುಗೆಮನೆಯ ಮೇಜಿನ ಮೂಲೆಯಲ್ಲಿ ಅವಳ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಅದರ ಹೆಸರು ಹಲಗೆ.

ಹಲಗೆ ಎಂದರೆ ಕಂಪ್ಯೂಟರಿನಲ್ಲಿ ಬರೆಯಲು ಇರುವ ಒಂದು ಪುಟ್ಟ ಪ್ರೋಗ್ರಾಮು. ತೆರೆದರೆ ಖಾಲಿ ಪುಟ. ಬರೆಯಬಹುದು, ಅಳಿಸಬಹುದು, ಉಳಿಸಿಡಬಹುದು. ಅಷ್ಟೇ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ನೀವು ಏನು ಬರೆಯಬೇಕೆಂದು ಅದು ಹೇಳಿಕೊಡುವುದಿಲ್ಲ. ಮದುವೆಯಾದ ಹೊಸತರಲ್ಲಿ ಅವಳ ಬಳಿ ಇದ್ದದ್ದು ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರು. ಅಂಗಡಿಯಲ್ಲಿ ಸಿಗುವ ಪ್ರೋಗ್ರಾಮುಗಳೆಲ್ಲ ಅದರ ಮೇಲೆ ಕೂತರೆ ಅದು ಏಳುತ್ತಲೇ ಇರಲಿಲ್ಲ. ಸಂಜೆ ತರಗತಿಯಲ್ಲಿ ಕಲಿತ ವಿದ್ಯೆಯನ್ನು ಹಿಡಿದುಕೊಂಡು, ಆ ಮುದಿ ಯಂತ್ರಕ್ಕೆ ಹಗುರವಾದದ್ದೊಂದನ್ನು ತಾನೇ ಬರೆದಳು. ಬರೆದದ್ದನ್ನು ಯಾರು ಬೇಕಾದರೂ ನೋಡಲಿ, ತಿದ್ದಲಿ, ಹಂಚಲಿ ಎಂದು ಜಾಲತಾಣದಲ್ಲಿ ಬಿಚ್ಚಿಟ್ಟಳು. ಮೂರು ತಿಂಗಳು ಯಾರೂ ಅತ್ತ ತಲೆ ಹಾಕಲಿಲ್ಲ.

ಮೊದಲು ಪತ್ರ ಬರೆದವರು ಮೇಷ್ಟ್ರು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಅವಳಿಗಿಂತ ಹದಿನೈದು ವರ್ಷ ದೊಡ್ಡವರು. ಹಲಗೆಯಲ್ಲಿ ಒಂದು ತಪ್ಪು ಕಂಡುಹಿಡಿದು, ಅದನ್ನು ಸರಿಮಾಡುವ ದಾರಿಯನ್ನೂ ಬರೆದು, ಕೊನೆಯಲ್ಲಿ "ಇಷ್ಟು ಚಿಕ್ಕದಾಗಿ ಬರೆಯುವವರು ಇನ್ನೂ ಇದ್ದಾರೆಂದು ಗೊತ್ತಿರಲಿಲ್ಲ" ಎಂದು ಸೇರಿಸಿದ್ದರು. ಅಲ್ಲಿಂದ ಸ್ನೇಹ ಬೆಳೆಯಿತು. ಇಂಥದೇ ಹುಚ್ಚಿನವರು ಅಲ್ಲೊಬ್ಬ ಇಲ್ಲೊಬ್ಬ ಸಿಕ್ಕರು. ವರ್ಷಕ್ಕೊಮ್ಮೆ ಒಂದು ಶನಿವಾರ, ಭಾನುವಾರ ಎಲ್ಲರೂ ಒಂದು ಕಡೆ ಸೇರುವ ಪರಿಪಾಠವನ್ನು ಮೇಷ್ಟ್ರೇ ಹಾಕಿದರು. ಆ ಕೂಟದಲ್ಲಿ ಭಾಷಣವಿಲ್ಲ, ಪರದೆಯ ಮೇಲೆ ಚಿತ್ರ ತೋರಿಸುವುದಿಲ್ಲ. ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ, ಬೇಡದ್ದನ್ನು ತೆಗೆಯಬೇಕು. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕು ಎಂಬುದು ಅಲ್ಲಿನ ನೇಮ. ಸೇರಿಸುವವರಿಗೆ ಲೋಕವೆಲ್ಲ ಜಾಗವಿದೆ, ಕಳೆಯುವವರಿಗೆ ಇದೊಂದೇ ಎಂದು ಮೇಷ್ಟ್ರು ಹೇಳುತ್ತಿದ್ದರು.

ವರ್ಷಗಳು ಕಳೆದಂತೆ ಹಲಗೆ ಹಬ್ಬಿತು. ಎಲ್ಲೆಲ್ಲಿಂದಲೋ ಜನ ಬಳಸತೊಡಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇವಳ ಹೆಗ್ಗಣ ಊರಿಗೆಲ್ಲ ಮುದ್ದಾಯಿತು. ಮುದ್ದಿನ ಜೊತೆಗೇ ದೂರುಗಳೂ ಬಂದವು. ಅಕ್ಷರಗಳಿಗೆ ಬಣ್ಣ ಯಾಕಿಲ್ಲ? ಮೂಲೆಯಲ್ಲಿ ಗಡಿಯಾರ ಇಟ್ಟರೆ ನಿಮ್ಮ ಗಂಟೇನು ಹೋಗುತ್ತೆ? ನನ್ನ ಹಳೆಯ ಪರದೆಯಲ್ಲಿ ಕೊನೆಯ ಸಾಲು ಕಾಣುವುದಿಲ್ಲ, ಇಂದೇ ಸರಿಮಾಡಿ. ಒಬ್ಬನಿಗೆ ಇಲ್ಲ ಎಂದರೆ ಅವನು ಹತ್ತು ಜನರ ಮುಂದೆ ಇವಳನ್ನು ಜಂಬದವಳು ಎನ್ನುತ್ತಿದ್ದ. ಹೂಂ ಎಂದರೆ ಇನ್ನೊಬ್ಬ, ಹಲಗೆ ಮೊದಲಿನ ಹಾಗಿಲ್ಲ, ಕೆಟ್ಟುಹೋಯಿತು ಎನ್ನುತ್ತಿದ್ದ. ಅಡಕತ್ತರಿಗೆ ಸಿಕ್ಕ ಕತ್ತರಿ ಎಂದು ಮೇಷ್ಟ್ರು ನಗೆಯಾಡಿದರು. ಮೊದಮೊದಲು ಅವಳೂ ನಕ್ಕಳು. ಹಗಲೆಲ್ಲ ಲಿಫ್ಟಿನ ದೂರು, ಸಂಜೆಯೆಲ್ಲ ಹಲಗೆಯ ದೂರು. ಎಲ್ಲರಿಗೂ ಅದೇ ಮೆತ್ತಗಿನ ದನಿಯ ಉತ್ತರ. ಯಾವಾಗಲೋ ಆ ದನಿ ಅವಳದಾಗಿ ಉಳಿಯಲಿಲ್ಲ. ಗಂಡ ಕೈ ಸುಟ್ಟುಕೊಂಡು ಬಂದಾಗಲೂ "ಗಾಬರಿಯಾಗಬೇಡಿ, ನಾನಿದ್ದೀನಿ" ಎಂಬ ಆಫೀಸಿನ ಮಾತೇ ಬಾಯಿಗೆ ಬಂದಿತ್ತು.

ಒಂದು ವರ್ಷ, ಕೂಟಕ್ಕೆ ಎರಡು ಮೂರು ತಿಂಗಳು ಮುಂಚೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನು, ಆಸ್ಪತ್ರೆ, ಪಾಳಿ. ಹಗಲು ಗಂಡ, ಸಂಜೆ ಇವಳು. ವಾರಗಟ್ಟಲೆ ಹಲಗೆಯ ಕಡೆ ಕಣ್ಣೆತ್ತಿ ನೋಡಲಾಗಲಿಲ್ಲ. ಒಂದು ಸಂಜೆ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತು ಫೋನು ತೆರೆದರೆ, ಯಾರೋ ಮುಖ ಪರಿಚಯವಿಲ್ಲದವನು ಎಲ್ಲರಿಗೂ ಕಾಣುವಂತೆ ಬರೆದಿದ್ದ: ಈ ಯೋಜನೆ ಸತ್ತಿದೆಯೇ? ಕೆಳಗೆ ಹದಿನಾಲ್ಕು ಜನ ತಲೆದೂಗಿದ್ದರು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ, "ಇಲ್ಲ, ಆಸ್ಪತ್ರೆಯಲ್ಲಿದೆ" ಎಂದು ಬರೆದು ಫೋನು ಮುಚ್ಚಿದಳು. ಜನ ಅದನ್ನು ತಮಾಷೆ ಎಂದುಕೊಂಡರು.

ಅತ್ತೆ ಮನೆಗೆ ಬಂದರು, ನಾಲ್ಕು ಕಾಲಿನ ಊರುಗೋಲು ಹಿಡಿದು ನಡೆಯುವುದನ್ನು ಕಲಿತರು. ಊಟದ ನಂತರ ಸೊಸೆ ಮತ್ತೆ ಮೇಜಿನ ಮೂಲೆಗೆ ಹೋಗಿ ಕೂತದ್ದನ್ನು ನೋಡಿ, ಅಷ್ಟು ಹೊತ್ತು ಏನು ಬರೆಯುತ್ತೀ ಎಂದು ಕೇಳಿದರು. ಇವಳು ವಿವರಿಸಿದಳು. ಹಣ ಬರುವುದಿಲ್ಲವೆಂದೂ, ಬರುವುದು ಬೈಗುಳವೆಂದೂ, ಬಿಟ್ಟರೆ ಎಲ್ಲ ಕೆಡುತ್ತದೆಂಬ ಭಯವೆಂದೂ ಹೇಳಿದಳು. ಅತ್ತೆ ಕಿವಿಗೊಟ್ಟು ಎಲ್ಲವನ್ನೂ ಕೇಳಿದರು.

"ಸಂಬಳ ಇಲ್ಲ, ರಜಾ ಇಲ್ಲ, ಮೇಲಿಂದ ಬೈಗುಳ ಬೇರೆ," ಎಂದರು. "ನನಗೆ ಗೊತ್ತು ಬಿಡು ಆ ಕೆಲಸ. ಈ ಮನೇಲಿ ಐವತ್ತು ವರ್ಷ ಮಾಡಿದ್ದೀನಿ."

"ನೀವು ಬಿಡಲಿಲ್ಲವಲ್ಲ ಅತ್ತೆ."

"ನಾನೆಲ್ಲಿ ಬಿಟ್ಟೆ? ಸೊಂಟ ಮುರೀತು. ನೀನೂ ಅಲ್ಲೀವರೆಗೂ ಕಾಯ್ತೀಯಾ?"

ಗಂಡ ಅಷ್ಟೊಂದು ಮಾತಾಡುವವನಲ್ಲ. ಶನಿವಾರ, ಭಾನುವಾರ ಅಮ್ಮನನ್ನು ತಾನು ನೋಡಿಕೊಳ್ಳುತ್ತೇನೆ, ನೀನು ನಿಮ್ಮ ಕೂಟಕ್ಕೆ ಹೋಗಿ ಆ ಹಲಗೆಯನ್ನು ಯಾರ ಕೈಗಾದರೂ ಒಪ್ಪಿಸಿ ಬಾ ಎಂದ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವನು ಅನ್ನಲಿಲ್ಲ. ಅನ್ನದೇ ಇದ್ದದ್ದು ಅವಳಿಗೆ ಕೇಳಿಸಿತು.

ಆ ಸಲ ಕೂಟ ನಡೆದದ್ದು ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಯಂತ್ರಗಳನ್ನೆಲ್ಲ ಯಾವಾಗಲೋ ಮಾರಿಬಿಟ್ಟಿದ್ದರು. ಮರದ ಮೇಜುಗಳ ಮೇಲೆ ಅವುಗಳ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು. ಕಿಟಕಿ ತೆರೆದರೆ ಬಸ್ಸಿನ ಸದ್ದು, ಮುಚ್ಚಿದರೆ ಸೆಖೆ. ಮೇಷ್ಟ್ರು ಬೆಳಿಗ್ಗೆಯೇ ಬಂದು ಕುರ್ಚಿಗಳನ್ನು ಒರೆಸಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಸಿ, ಬ್ರೆಡ್ಡು ಬಿಸ್ಕತ್ತು ಜೋಡಿಸಿ ಇಟ್ಟಿದ್ದರು. ಇಪ್ಪತ್ತು ಕುರ್ಚಿ ಹಾಕಿದ್ದರು. ಬಂದವರು ಒಂಬತ್ತು. ಉಳಿದ ಕುರ್ಚಿಗಳನ್ನು ಮೇಷ್ಟ್ರು, ಯಾರೂ ನೋಡದ ಹೊತ್ತಿನಲ್ಲಿ, ಒಂದೊಂದಾಗಿ ಗೋಡೆಗೆ ಸರಿಸುತ್ತಿದ್ದುದು ಇವಳಿಗೆ ಕಂಡಿತು.

ಮೊದಲ ದಿನ ಇವಳು ಎಲ್ಲರೆದುರು ಹಲಗೆಯ ಮಾತೆತ್ತದೆ, ಮೊದಲು ಬ್ಯಾಂಕಿನವನ ಪಕ್ಕ ಹೋಗಿ ಕೂತಳು. ಬ್ಯಾಂಕೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು, ನಲವತ್ತರ ಒಳಗಿನವನು, ಹಲಗೆಯ ಒಳಹೊರಗೆಲ್ಲ ಬಲ್ಲವನು. ಇವನ ಕೈಗೆ ಕೊಟ್ಟರೆ ಚಿಂತೆಯಿಲ್ಲ ಎಂದು ಅವಳು ರೈಲಿನಲ್ಲಿ ಬರುವಾಗಲೇ ಎಣಿಸಿದ್ದಳು. ಹೇಳಿದಳು. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದ. ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.

"ಅಕ್ಕಾ, ಬೇರೆ ಏನು ಬೇಕಾದ್ರೂ ಕೇಳಿ," ಎಂದ. "ಮಗು ಹುಟ್ಟಿದಾಗಿನಿಂದ ಒಂದು ನಿದ್ದೆ ನೆಟ್ಟಗೆ ಮಾಡಿಲ್ಲ. ಇಲ್ಲಿಗೆ ಬಂದದ್ದೇ ಕಳೆಯೋದಕ್ಕೆ ಅಲ್ಲ, ಮಲಗೋದಕ್ಕೆ."

ಅದು ಸುಳ್ಳಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಯಾರೂ ಎಬ್ಬಿಸಲಿಲ್ಲ.

ಹಾಗಾದರೆ ಮೇಷ್ಟ್ರೇ ಸರಿ ಎಂದುಕೊಂಡಳು. ಸಂಜೆ ಎಲ್ಲರೂ ಕೈಕಾಲು ಆಡಿಸಿ ಬರಲು ಹೋದಾಗ ಅವರನ್ನು ಮೆಟ್ಟಿಲ ಹತ್ತಿರ ಹಿಡಿದಳು. ಅವಳು ಬಾಯಿ ತೆರೆಯುವ ಮುಂಚೆ ಅವರೇ, ಒಂದು ಮಾತು ಹೇಳಬೇಕಿತ್ತು ಎಂದರು. ಮುಂದಿನ ವರ್ಷದಿಂದ ಈ ಕೂಟವನ್ನು ಅವಳು ನಡೆಸಬೇಕಂತೆ. ಅವರಿಗೆ ಕಣ್ಣಿನ ಒಳಗೆ ಏನೋ ಪೊರೆ ಬೆಳೆದು ನಡುವಿನದ್ದು ಕಾಣುವುದಿಲ್ಲವಂತೆ, ಅಂಚು ಮಾತ್ರ ಕಾಣುತ್ತದಂತೆ. ಜಾಗ ಹುಡುಕುವುದು, ಪತ್ರ ಬರೆಯುವುದು, ಎಲ್ಲರ ಪ್ರೋಗ್ರಾಮುಗಳನ್ನೂ ಇಟ್ಟುಕೊಂಡಿರುವ ತಮ್ಮ ಮನೆಯ ಕಂಪ್ಯೂಟರನ್ನು ಕಾಯುವುದು, ಇದೆಲ್ಲ ಇನ್ನು ತಮ್ಮಿಂದಾಗದು ಎಂದರು.

ಅವಳು ಗೋಡೆಗೆ ಒರಗಿ ನಿಂತಳು. ತಾನು ಬಂದದ್ದು ಹಲಗೆಯನ್ನು ಅವರಿಗೆ ಒಪ್ಪಿಸಲು ಎಂದು ಹೇಳಿದಳು. ಹೊರೆ ಇಳಿಸಲೆಂದು ಬಂದ ಇಬ್ಬರು ಒಂದೇ ಕಟ್ಟೆಯ ಹತ್ತಿರ ಎದುರಾದಂತಾಗಿತ್ತು. ನಗು ಬರಬೇಕಿತ್ತು, ಬರಲಿಲ್ಲ.

"ನೀನು ಬಿಡೋ ಹಾಗಿಲ್ಲಮ್ಮ," ಎಂದರು ಮೇಷ್ಟ್ರು. "ನೀನು ಬಿಟ್ರೆ ಇದಕ್ಕೆ ತಲೆಯೇ ಇಲ್ಲ."

"ಆ ತಲೆಯೇ ನೋಯ್ತಿದೆ ಮೇಷ್ಟ್ರೇ."

ಅವರಿಗೆ ಅದು ಸರಿಬರಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. ಬೇಸರ ಎಲ್ಲರಿಗೂ ಬರುತ್ತದೆ, ಎರಡು ದಿನ ರಜೆ ತೆಗೆದುಕೊಂಡರೆ ಹೋಗುತ್ತದೆ ಎಂದು ಸ್ವಲ್ಪ ಗಡುಸಾಗಿಯೇ ಹೇಳಿ ಮೆಟ್ಟಿಲಿಳಿದರು. ಇಳಿಯುವಾಗ ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡುತ್ತಿದ್ದರು. ಅವಳಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡನ್ನೂ ಹಿಡಿದುಕೊಂಡು ಲಾಡ್ಜಿನ ಕೋಣೆಗೆ ಹೋದಳು. ಮನೆಗೆ ಫೋನು ಮಾಡಿದರೆ ಅತ್ತೆ ಎತ್ತಿಕೊಂಡು, ಗಂಡ ಮಾಡಿದ ಅಡುಗೆಗಿಂತ ಆಸ್ಪತ್ರೆಯದೇ ವಾಸಿ ಎಂದು ದೂರಿದರು. ಅದಕ್ಕೂ ಅವಳು ಮೆತ್ತಗಿನ ದನಿಯಲ್ಲೇ ಉತ್ತರ ಕೊಟ್ಟಳು.

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದ ಮೇಲೆ ಅವಳು ಎದ್ದು ನಿಂತು, ಸುತ್ತಿ ಬಳಸದೆ, ತನಗೆ ಸಾಕಾಗಿದೆ, ಹಲಗೆಯನ್ನು ಯಾರಾದರೂ ತೆಗೆದುಕೊಳ್ಳಬೇಕು ಎಂದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಂತೆ ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ನೋಡಿದರು. ಒಬ್ಬರು ಗಂಟಲು ಸರಿಮಾಡಿಕೊಂಡರು. ಇನ್ನೊಬ್ಬರು, ಸಮಿತಿ ಮಾಡೋಣವೇ ಎಂದರು. ಕಡಿಮೆಯೇ ಮೇಲು ಎನ್ನುವವರ ನಡುವೆ ಸಮಿತಿ ಎಂಬ ಮಾತು ಬಂದದ್ದಕ್ಕೆ ಒಂದಿಬ್ಬರು ನಕ್ಕರು.

ಆಗ ಕೊನೆಯ ಕುರ್ಚಿಯಲ್ಲಿದ್ದ ಹೆಂಗಸು ಕೈ ಎತ್ತಿದಳು. ಅವಳು ಅದೇ ಮೊದಲ ಸಲ ಬಂದವಳು, ಪ್ರೋಗ್ರಾಮು ಬರೆಯುವವಳಲ್ಲ. ಬೇರೆ ಭಾಷೆಯ ಪುಸ್ತಕಗಳನ್ನು ಅನುವಾದ ಮಾಡುವುದು ಅವಳ ಕೆಲಸ, ಮಾಡುವುದೆಲ್ಲ ಹಲಗೆಯಲ್ಲಿ. ಹಲಗೆ ಬರೆದವರನ್ನು ಒಮ್ಮೆ ನೋಡಬೇಕೆಂದು ಬಂದಿದ್ದಳಂತೆ. ಹಿಂದಿನ ದಿನವೆಲ್ಲ ಸುಮ್ಮನೆ ಕೂತಿದ್ದಳು.

"ತಪ್ಪು ತಿಳ್ಕೋಬೇಡಿ," ಎಂದಳು. "ನನ್ನದು ಆರು ವರ್ಷದ ಹಿಂದಿನ ಹಲಗೆ. ಆಮೇಲೆ ಬಂದ ಹೊಸದನ್ನ ನಾನು ಹಾಕ್ಕೊಂಡೇ ಇಲ್ಲ. ಕೆಲಸ ನಡೀತಿತ್ತು. ಬದಲಾಯಿಸಿದ್ರೆ ಏನಾದ್ರೂ ಕೆಡುತ್ತೇನೋ ಅಂತ ಹೆದರಿಕೆ. ಹಾಗೆ ಬಿಟ್ಟದ್ದು ತಪ್ಪಾ ಅಂತ ಕೇಳೋಣ ಅಂತಿದ್ದೆ."

ಆರು ವರ್ಷ. ಕತ್ತರಿಗೆ ಆ ಆರು ವರ್ಷದ ಸಂಜೆಗಳು ಒಟ್ಟಿಗೆ ಕಣ್ಣ ಮುಂದೆ ಬಂದವು. ಅಡುಗೆಮನೆಯ ಮೇಜು, ಆರಿದ ಚಹಾ, ಪಕ್ಕದ ಕೋಣೆಯಿಂದ ಗಂಡ ಒಬ್ಬನೇ ಟಿ.ವಿ. ನೋಡುತ್ತಿದ್ದ ಸದ್ದು. ಅಷ್ಟು ದುಡಿದದ್ದರಲ್ಲಿ ಒಂದು ಹನಿಯೂ ಈ ಹೆಂಗಸಿಗೆ ಬೇಕಾಗಿರಲಿಲ್ಲ. ಹಲಗೆಯಲ್ಲಿ ಪುಸ್ತಕಗಟ್ಟಲೆ ಬರೆದ ಈಕೆ ಒಂದೇ ಒಂದು ದೂರು ಬರೆದಿರಲಿಲ್ಲ. ಯಾರೋ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿದಂತಾಗಿ ಅವಳು ಕೂತುಬಿಟ್ಟಳು.

ಅನುವಾದಕಿ ಗಾಬರಿಯಾಗಿ, ನಾನು ಏನೋ ಹೇಳಬಾರದ್ದು ಹೇಳಿದೆ ಎಂದಳು.

"ಇಲ್ಲ," ಎಂದಳು ಕತ್ತರಿ. "ನಿಮಗೆ ಇನ್ನೂ ಏನು ಬೇಕು ಅದರಲ್ಲಿ? ನಿಜವಾಗಿ ಹೇಳಿ."

ಅನುವಾದಕಿ ಯೋಚಿಸಿದಳು. ಸುಳ್ಳು ಹೇಳಿ ಸಮಾಧಾನಪಡಿಸೋಣವೆಂದು ಅವಳಿಗೆ ಅನ್ನಿಸಿದ್ದು ಮುಖದಲ್ಲಿ ಕಂಡಿತು. ಆದರೂ ಹೇಳಲಿಲ್ಲ. "ಏನೂ ಬೇಡ," ಎಂದಳು.

ಕತ್ತರಿ ಬ್ಯಾಂಕಿನವನ ಕಡೆ ತಿರುಗಿ, ಹಲಗೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಸಂಜೆಯೊಳಗೆ ಆಗುತ್ತದೆ ಎಂದ ಅವನು. ಹಾಗಾದರೆ ಓದೋಣ, ಇದರಲ್ಲಿ ಇನ್ನು ಮಾಡುವುದು ಏನಾದರೂ ಉಳಿದಿದೆಯೇ ನೋಡೋಣ, ಉಳಿದಿಲ್ಲವಾದರೆ ಇದು ಮುಗಿಯಿತು ಎಂದು ಹೇಳಿ ಮನೆಗೆ ಹೋಗೋಣ ಎಂದಳು. ಪ್ರೋಗ್ರಾಮು ಮುಗಿಯುತ್ತದೆ ಎಂಬ ಮಾತನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕೇಳಿರಲಿಲ್ಲ. ಕುರ್ಚಿ ಮುಗಿಯುತ್ತದೆ, ಗೋಡೆ ಮುಗಿಯುತ್ತದೆ. ಪ್ರೋಗ್ರಾಮು ಮಾತ್ರ ದಿನಾ ತಿದ್ದುತ್ತಲೇ ಇರಬೇಕಾದ ವಸ್ತು ಎಂದೇ ಎಲ್ಲರೂ ನಂಬಿದ್ದರು.

ಓದಿದರು. ಒಬ್ಬರು ಒಂದು ಸಾಲು ಓದುವುದು, ಪಕ್ಕದವರು ಅದು ಏನು ಮಾಡುತ್ತದೆಂದು ಹೇಳುವುದು, ಯಾರಿಗೂ ಕಾರಣ ತಿಳಿಯದಿದ್ದರೆ ತೆಗೆಯುವುದು. ಮೇಷ್ಟ್ರು ಪರದೆಯನ್ನು ಓರೆಗಣ್ಣಿನಿಂದ ನೋಡಲು ಹೆಣಗಿ, ಆಮೇಲೆ ಕಣ್ಣು ಮುಚ್ಚಿ ಕೇಳುತ್ತ ಕೂತರು. ಆರು ವರ್ಷದಲ್ಲಿ ಸೇರಿದ್ದೆಲ್ಲ ಒಂದೊಂದಾಗಿ ಬಂದಿತು. ಯಾರದೋ ಹಟಕ್ಕೆ ಸೇರಿಸಿದ್ದು, ಇನ್ನಾರದೋ ಹಟಕ್ಕೆ ಅರ್ಧ ತೆಗೆದದ್ದು, ಆ ಅರ್ಧ ತೆಗೆದದ್ದರಿಂದ ಆದ ಗಾಯಕ್ಕೆ ಹಚ್ಚಿದ ಪಟ್ಟಿ. ಇದನ್ನು ಬರೆದ ದಿನ ನನಗೆ ಜ್ವರವಿತ್ತು ಎಂದು ಒಂದು ಕಡೆ ಅವಳಿಗೆ ನೆನಪಾಯಿತು. ತೆಗೆದರು. ಹಳೆಯ ಪರದೆಯವನಿಗಾಗಿ ಬರೆದ ಒಂದಿಡೀ ಭಾಗವನ್ನು ತೆಗೆಯುವಾಗ ಅವಳ ಕೈ ತಡೆಯಿತು. ಅವನು ಎಷ್ಟು ಬೈದಿದ್ದನೆಂದರೆ, ಅವನ ಭಾಗವನ್ನು ತೆಗೆಯುವುದಕ್ಕೂ ಅವಳಿಗೆ ದಣಿವಾಗುತ್ತಿತ್ತು. ಬ್ಯಾಂಕಿನವನು ಅವಳ ಪರವಾಗಿ ಗುಂಡಿ ಒತ್ತಿದ.

ಮಧ್ಯಾಹ್ನ ಕಳೆದ ಮೇಲೆ, ಬರೆದದ್ದನ್ನು ಉಳಿಸಿಡುವ ಭಾಗಕ್ಕೆ ಬಂದರು. ಅದು ಹಲಗೆಯ ಅತ್ಯಂತ ಹಳೆಯ ಭಾಗ, ಯಾರೂ ಮುಟ್ಟದ್ದು. ಸಾಲು ಓದುತ್ತಿದ್ದ ಬ್ಯಾಂಕಿನವನು ನಿಲ್ಲಿಸಿದ. ಮತ್ತೆ ಓದಿದ. ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿರುವಾಗ ಉಳಿಸಲು ಹೋದರೆ ಹಳೆಯದನ್ನು ಮೊದಲು ಅಳಿಸಿಬಿಡುತ್ತದಲ್ಲವೇ, ಆಮೇಲೆ ಹೊಸದನ್ನು ಬರೆಯಲು ಜಾಗವಿಲ್ಲದಿದ್ದರೆ ಎರಡೂ ಹೋದವಲ್ಲವೇ ಎಂದು ಕೇಳಿದ. ಎಲ್ಲರೂ ನೋಡಿದರು. ಹೌದು. ಮೊದಲ ದಿನದಿಂದಲೂ ಅದು ಹಾಗೇ ಇತ್ತು.

ಅನುವಾದಕಿ ಮೆಲ್ಲಗೆ, ತನ್ನದೊಂದು ಅಧ್ಯಾಯ ಹಾಗೆ ಹೋಗಿತ್ತು ಎಂದಳು. ತಾನೇ ಏನೋ ತಪ್ಪು ಒತ್ತಿರಬೇಕು ಎಂದುಕೊಂಡು ಮತ್ತೆ ಬರೆದಳಂತೆ.

"ನೀವು ಒಂದು ಮಾತು ಬರೀಬಹುದಿತ್ತಲ್ಲ," ಎಂದಳು ಕತ್ತರಿ. ಅವಳ ದನಿ ಆಫೀಸಿನದಾಗಿರಲಿಲ್ಲ.

"ನಿಮಗೆ ಆಗ್ಲೇ ಎಷ್ಟೊಂದು ಜನ ಬರೀತಿದ್ರು. ಬೈಗುಳ ನಾನೂ ಓದ್ತಿದ್ದೆ. ನನ್ನದೂ ಒಂದು ಯಾಕೆ ಅನ್ನಿಸ್ತು."

ಬಣ್ಣ ಬೇಕು, ಗಡಿಯಾರ ಬೇಕು ಎಂದು ಕೂಗಿದವರಲ್ಲಿ ಒಬ್ಬರಿಗೂ ಇದು ಕಂಡಿರಲಿಲ್ಲ. ಕಂಡವಳು ಸುಮ್ಮನಿದ್ದಳು. ಕತ್ತರಿ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಆ ಭಾಗವನ್ನು ತಾನೇ ಬರೆಯಲು ಕೂತಳು. ಹೊಸದನ್ನು ಮೊದಲು ಪೂರ್ತಿ ಬರೆದಿಟ್ಟುಕೊಂಡು, ಅದು ಸರಿಯಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರಬೇಕು. ದೊಡ್ಡ ಕೆಲಸವೇನಲ್ಲ. ಆದರೂ ಎರಡು ಸಲ ತಪ್ಪಿದಳು. ಸುತ್ತ ಕೂತವರಲ್ಲಿ ಯಾರೂ ಬಾಯಿ ಹಾಕಲಿಲ್ಲ. ಸರಿಯಾದ ಮೇಲೆ ಬೇಕೆಂದೇ ಜಾಗ ತುಂಬಿಸಿ ಉಳಿಸಿ ನೋಡಿದರು. ಹಳೆಯದು ಹಾಗೇ ಇತ್ತು. ಮತ್ತೊಮ್ಮೆ ನೋಡಿದರು. ಇತ್ತು.

ಉಳಿದದ್ದನ್ನು ಓದಿ ಮುಗಿಸುವಾಗ ಬೀದಿಯಲ್ಲಿ ಅಂಗಡಿಯವರು ದೀಪ ಹಚ್ಚುತ್ತಿದ್ದರು. ಹಲಗೆ ಆರು ವರ್ಷದ ಹಿಂದೆ ಇದ್ದದ್ದಕ್ಕಿಂತ ಚಿಕ್ಕದಾಗಿತ್ತು. ಇನ್ನೇನಾದರೂ ಇದೆಯೇ ಎಂದು ಅವಳು ಕೇಳಿದಳು. ಬ್ಯಾಂಕಿನವನು ಇಲ್ಲವೆಂದು ತಲೆಯಾಡಿಸಿದ. ಕಂಪ್ಯೂಟರುಗಳು ಬದಲಾಗುತ್ತಲೇ ಇರುತ್ತವೆ, ಹತ್ತು ವರ್ಷ ಬಿಟ್ಟು ಇದು ಓಡದಿದ್ದರೆ ಎಂದು ಸಮಿತಿಯ ಮಾತಾಡಿದವರು ಕೇಳಿದರು. ಆಗ ಬೇಕಾದವರು ತೆಗೆದುಕೊಂಡು ತಮಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಾರೆ, ನಾನು ಬಾಗಿಲಿಗೆ ಬೀಗ ಹಾಕುತ್ತಿಲ್ಲ, ಹೊಸ್ತಿಲಲ್ಲಿ ಕೂರುವುದನ್ನು ಬಿಡುತ್ತಿದ್ದೇನೆ ಅಷ್ಟೇ ಎಂದಳು. ಹಲಗೆಯ ಪುಟದಲ್ಲಿ ಎರಡು ಸಾಲು ಬರೆದಳು: ಹಲಗೆ ಮುಗಿದಿದೆ. ಇದರಲ್ಲಿ ಇನ್ನು ಬದಲಾವಣೆ ಇರುವುದಿಲ್ಲ.

ಎಲ್ಲರೂ ಹೊರಡುತ್ತಿರುವಾಗ ಮೇಷ್ಟ್ರು ಕಾಣಲಿಲ್ಲ. ಅವರು ಒಳಗಿನ ಕೋಣೆಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವಳು ಹೋಗಿ ಇನ್ನೊಂದು ಕಡೆ ಹಿಡಿದಳು.

"ನೀನು ಮುಗಿಸಿಬಿಟ್ಟೆ," ಎಂದರು ಮೇಷ್ಟ್ರು. "ಮುಂದಿನ ವರ್ಷ ಇವರೆಲ್ಲ ಯಾಕೆ ಬರ್ತಾರೆ? ಹಲಗೆ ಇದೆ ಅಂತ ಬರ್ತಿದ್ರು."

ಅವರ ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ವರ್ಷದ ಉಳಿದ ದಿನಗಳಲ್ಲಿ ಅವರ ಮನೆಯ ಗಂಟೆ ಬಾರಿಸುವವರು ಹೆಚ್ಚು ಜನ ಇರಲಿಲ್ಲ. ಕೂಟವನ್ನು ತನಗೆ ಒಪ್ಪಿಸಲು ಬಂದವರಿಗೆ ಅದು ಇಲ್ಲವಾಗುವುದು ಬೇಕಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ನಾನು ಬರ್ತೀನಿ ಮೇಷ್ಟ್ರೇ. ನಡೆಸೋದಕ್ಕಲ್ಲ. ಸುಮ್ಮನೆ ಬರ್ತೀನಿ. ಸಾಲದಾ?"

ಅವರು ಕುರ್ಚಿಯ ಬೆನ್ನನ್ನು ಸವರುತ್ತ ಯೋಚಿಸಿದರು. "ಸಾಲದು," ಎಂದರು. "ಆದ್ರೂ ಬಾ."

ಹಿಂತಿರುಗುವಾಗ ರೈಲಿನಲ್ಲಿ ಅವಳು ಎಂಥ ನಿದ್ದೆ ಹೋದಳೆಂದರೆ, ಇಳಿಯಬೇಕಾದ ನಿಲ್ದಾಣ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ರೈಲು ಕೊನೆಯ ನಿಲ್ದಾಣದಲ್ಲಿ ನಿಂತು, ಕಸ ಗುಡಿಸುವವಳು ಬಂದು ಭುಜ ತಟ್ಟಿದಾಗ ಎಚ್ಚರವಾಯಿತು. ಗಂಡನಿಗೆ ಫೋನು ಮಾಡಿದಳು. ಅವನು ಪಕ್ಕದ ಮನೆಯವರಿಗೆ ಅಮ್ಮನನ್ನು ನೋಡಿಕೊಳ್ಳಲು ಹೇಳಿ, ಸ್ಕೂಟರಿನಲ್ಲಿ ಬಂದ. ನಿಲ್ದಾಣದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಯಾರಿಗೆ ಕೊಟ್ಟೆ ಎಂದು ಕೇಳಿದ.

"ಯಾರಿಗೂ ಇಲ್ಲ ರೀ. ಮುಗೀತು ಅಂದೆ."

"ಹಾಗೂ ಅನ್ನಬಹುದಾ?"

"ಅನ್ನಬಹುದಂತೆ. ನನಗೂ ಇವತ್ತೇ ಗೊತ್ತಾಯ್ತು."

ಆಮೇಲಿನದ್ದು ಅಷ್ಟು ಸಲೀಸಾಗಿರಲಿಲ್ಲ. ಆ ಎರಡು ಸಾಲಿಗೆ ನೂರಾರು ಉತ್ತರ ಬಂದವು. ನಡುನೀರಿನಲ್ಲಿ ಕೈಬಿಟ್ಟಳು ಎಂದರು, ಸೋಮಾರಿ ಎಂದರು. ಕೆಲವರು ನಾಲ್ಕು ಒಳ್ಳೆಯ ಮಾತೂ ಬರೆದರು. ತಿಂಗಳೊಳಗೆ ಯಾರೋ ಹಲಗೆಯ ನಕಲು ಮಾಡಿ, ಬಣ್ಣ, ಗಡಿಯಾರ, ಹವಾಮಾನ ಎಲ್ಲ ಸೇರಿಸಿ ಮಹಾಹಲಗೆ ಎಂದು ಬಿಟ್ಟರು. ಬೈದವರೆಲ್ಲ ಅಲ್ಲಿಗೆ ಹೋದರು. ಸ್ವಲ್ಪ ದಿನಕ್ಕೆ ಅಲ್ಲಿಂದಲೂ ಅವರ ಬೈಗುಳ ಕೇಳಿಬಂತು.

ದಣಿವು ಮಾತ್ರ ಹೊರೆ ಇಳಿದ ಕೂಡಲೇ ಹೋಗಲಿಲ್ಲ. ಅದುವರೆಗೆ ಒಳಗೆ ಅಡಗಿದ್ದದ್ದು ಈಗ ಎದ್ದು ಬಂತು. ಊಟವಾದ ಮೇಲೆ ಅಭ್ಯಾಸಬಲದಿಂದ ಮೇಜಿನ ಮೂಲೆಗೆ ಹೋಗಿ ಕೂರುವಳು, ಮಾಡಲು ಏನೂ ಇಲ್ಲವೆಂದು ನೆನಪಾಗಿ ರೇಗುವಳು, ಎಂಟಕ್ಕೆಲ್ಲ ಮಲಗುವಳು. ಗಂಡ ಹೆದರಿ ವೈದ್ಯರ ಹತ್ತಿರ ಕರೆದುಕೊಂಡು ಹೋದ. ವೈದ್ಯರು ರಕ್ತ ನೋಡಿ, ಒತ್ತಡ ನೋಡಿ, ಎಲ್ಲ ಸರಿಯಿದೆ, ಮಲಗಲಿ ಬಿಡಿ ಎಂದರು. ಅತ್ತೆ, ನನ್ನನ್ನು ಕೇಳಿದ್ದರೆ ಆ ಶುಲ್ಕವಾದರೂ ಉಳಿಯುತ್ತಿತ್ತು ಎಂದರು.

ಲಿಫ್ಟಿನ ಕೆಲಸ ಹಾಗೇ ನಡೆಯಿತು. ಜನ ಸಿಕ್ಕಿಕೊಳ್ಳುತ್ತಿದ್ದರು, ಬೈಯುತ್ತಿದ್ದರು, ಮೆಕ್ಯಾನಿಕ್ ಹೋಗಿ ಬಿಡಿಸುತ್ತಿದ್ದ. ದಿನದ ಆ ಒಂದು ಪಾಳಿಯ ಬೈಗುಳ ತಡೆಯಬಹುದಾದದ್ದು ಎಂದು ಅವಳಿಗೆ ನಿಧಾನವಾಗಿ ತಿಳಿಯಿತು.

ಮರುವರ್ಷ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿ ಒಂದು ಕಣ್ಣಿನಲ್ಲಿ ನಡುವಿನದ್ದೂ ಕಾಣತೊಡಗಿತ್ತು. ಕೂಟವನ್ನು ಅವರೇ, ಅದೇ ಟೈಪಿಂಗ್ ಶಾಲೆಯಲ್ಲಿ, ಕರೆದರು. ಏಳು ಜನ ಬಂದರು. ಬ್ಯಾಂಕಿನವನು ತನ್ನದೊಂದು ಪ್ರೋಗ್ರಾಮು ತಂದಿದ್ದ, ಅದನ್ನೂ ಓದಿ ಮುಗಿಸಿಬಿಡೋಣ ಎಂದು ಅವನ ಆಸೆ. ಕತ್ತರಿ ಲ್ಯಾಪ್‌ಟಾಪ್ ಇಲ್ಲದೆ ಬರಿಗೈಯಲ್ಲಿ ಬಂದಿದ್ದಳು. ಮೊದಲ ಐದಾರು ಸಾಲಿಗೆ ಕಿವಿಗೊಟ್ಟಳು, ಒಂದು ಸಾಲು ಬೇಡವೆಂದಳು. ಆಮೇಲೆ ಕುರ್ಚಿಯಲ್ಲೇ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಓದುತ್ತಿದ್ದವರು ದನಿ ತಗ್ಗಿಸಿದರು. ಮೇಷ್ಟ್ರು ಎದ್ದು ಹೋಗಿ ಬಸ್ಸಿನ ಸದ್ದು ಬರುತ್ತಿದ್ದ ಕಿಟಕಿ ಮುಚ್ಚಿದರು. ಸೆಖೆಯಾಯಿತು. ಬ್ಯಾಂಕಿನವನು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಮೆಲ್ಲಗೆ ಮುಂದಿನ ಸಾಲು ಓದಿದ.